ಬಾಕಿ ಏಳು ರೂಪಾಯಿ

ದುರ್ಗದಬೈಲಿನ ಹಳೇ ಅಂಗಡಿ ಖಾಲಿ ಮಾಡೋ ದಿನ
ಅಪ್ಪನ ಉದ್ರಿ ವಹಿ ಸಿಕ್ತು.
ಹೆಚ್ಚೂಕಡಿಮಿ ಎಲ್ಲಾ ಮೋಟಾರ:
ಹೆಬಸೂರ ಗಿರಣಿ, ಮೂರು ಎಚ್‌ಪಿ, ಸುಟ್ಟದ್ದು.
ಕುಸುಗಲ್ಲ ಪಂಪು, ಐದು ಎಚ್‌ಪಿ, ಸುಟ್ಟದ್ದು.
ಟಾಕೀಸಿನ ಫ್ಯಾನು ಹನ್ನೊಂದು, ಇಲಿ ಕಡಿದದ್ದು.
ನಡುವ, ಅದ ಶಾಯಿ, ಅದ ಮೊಂಡ ಅಕ್ಷರ:
‘ಸಿರಿಲ್ ಡಿಕ್ರೂಜ್, ರೈಲ್ವೇ ಚಾಳ.
ಗಿಟಾರ. ಆರು ಸಾವಿರ ಸುತ್ತು. ೪೨ ಗೇಜು.
ಬಾಕಿ ಏಳು ರೂಪಾಯಿ.’
ತಾರೀಖು, ಅರವತ್ತಾರರ ಡಿಸೆಂಬರ್ ಇಪ್ಪತ್ಮೂರು.

ನಾ ಆಗ ಎರಡು ತಿಂಗಳ ಕೂಸು.
ಅಪ್ಪ ಅಂದ್ರ ತುಳಜಣಸಾ ಬಾಕಳೆ,
ಭಜನಿಗೆ ಕರದ್ರ ತಾಳ ತಪ್ಪತೈತಿ ಅಂತ
ಚಪ್ಪಲಿ ಬಿಟ್ಟಲ್ಲೇ ಕೂಡಾಂವ.
ಗಿಟಾರಕ್ಕ ಸುತ್ತೋದೇನೈತಿ ಇಂವಂದು?

ವಹಿಯ ಕೆಳಗ ಬಿಸ್ಕೀಟಿನ ಡಬ್ಬಿ,
ಡಬ್ಬಿಯೊಳಗ ಕಂದು ಟೇಪಿನ ಒಂದು ಗಾಲಿ,
ಗಾಲಿಗೆ ದಾರ ಕಟ್ಟಿದ ಚೀಟಿ: ದಿ ಸೆಮಾಫೋರ್ಸ್.
ಅಂದ್ರ ಕೈ ಇಳಿಸಿ ಗಾಡಿ ಬಿಡೋ ಹಳೇ ಸಿಗ್ನಲ್ಲು.
ನಾಲ್ಕು ಹುಡುಗರು, ರೈಲ್ವೇ ಇನ್‌ಸ್ಟಿಟ್ಯೂಟಿನ ಕಟ್ಟಿಗಿ ನೆಲ,
ಕ್ರಿಸ್‌ಮಸ್ಸಿನ ಕುಣಿತ.
ಇಷ್ಟು ತಿಳಿಯಾಕ ನನಗ ಎಂಟು ತಿಂಗಳು ಹಿಡೀತು.

ಟೇಪು ತಿರುವೋ ಮಿಷನ್ನು ಧಾರವಾಡದಾಗ,
ಸಪ್ತಾಪುರದ ಇನಾಮದಾರರ ಅಟ್ಟದ ಮ್ಯಾಲ.
ರೇಡಿಯೋದಾಗ ಇಂಜಿನಿಯರ್ ಇದ್ದಾವರು.
ಒಂದು ತಾಸು ಹತ್ತಿ ಹಚ್ಚಿ ಒರಸಿದರು,
ಕೂಸಿನ ಕಿವಿ ಒರಸಿದಂಗ.

ಮೊದಲು ಬರೇ ಗುಂಯ್.
ಆ ಗುಂಯ್ ನನಗ ಗೊತ್ತಿತ್ತು.
ನಮ್ಮ ಅಂಗಡ್ಯಾಗ ಸುತ್ತಿದ್ದು ಯಾವುದೂ
ಹಂಗ ಗುಣುಗುಟ್ಟದ ಶುರುವಾಗಿಲ್ಲ.
ಆಮ್ಯಾಲ
ಹನ್ನೆರಡು ತಂತಿ ಒಮ್ಮೆಲೇ
ಬಳಿಗಾರ ಕೈಜಾರಿ ಮಲಾರ ಬಿಟ್ಟಂಗ,
ಬಿಟ್ಟರೂ ಒಂದೂ ಬಳಿ ಒಡೀದಂಗ.

ಹಾಡು ಇಂಗ್ಲಿಷು. ಇಂಗ್ಲಿಷು ಅನ್ನೋದಷ್ಟ ತಿಳೀತು.
ಯಾವಕಿನೋ ಒಬ್ಬಾಕಿ, ಯಾವುದೋ ಪ್ಲಾಟ್‌ಫಾರ್ಮು,
ಮಳಿ ಇದ್ದರೂ ಇರಬಹುದು.
ಹಾಡಾಂವನ ‘ಆರ್’ ಮಾತ್ರ ನಮ್ಮ ಕೇಶ್ವಾಪುರದ್ದು.
ಮೂರನೇ ಹಾಡಿನ ನಡುವ ಟಣ್ ಅಂತ ಒಂದು ತಂತಿ ಹರೀತು.
ನಗಿ. ಕುರ್ಚಿ ಸರಿದ ಸಪ್ಪಳ. ಆಗ
‘ಏ, ಆ ಬಿಳೇ ವಾಯರ್ ಮುಟ್ಟಬ್ಯಾಡ, ಸಾಯ್ತೀ!’

ಅಪ್ಪ.
ಇಪ್ಪತ್ತಾರು ವರ್ಷದ ಅಪ್ಪ, ನನ್ನ ಮಗನಿಗಿಂತ ಸಣ್ಣಾಂವ,
ಒಂದ ಮಾತು ಆಡಿ ಮತ್ತ ಗುಂಯ್‌ನೊಳಗ ಹೋದ.
ಇನಾಮದಾರರು ನಾ ಕೇಳದನ
ಗಾಲಿ ಹಿಂದಕ್ಕ ತಿರುವಿದರು.
ಮತ್ತೊಮ್ಮೆ ತಿರುವಿದರು.

ಸಿರಿಲ್ ಪರ್ತಿಗೆ ಹೋದಾಂವ ಅಲ್ಲೇ ಮಣ್ಣಾದ.
ಮಕ್ತುಂಹುಸೇನಗ ಗುಂತಕಲ್ಲಿಗೆ ವರ್ಗ ಆತು,
ಗಿಟಾರ ಮಾರಿ ಸೈಕಲ್ ತಗೊಂಡ.
ನಾಲ್ಕನೆಯಾಂವನ ಹೆಸರು ಯಾರಿಗೂ ನೆನಪಿಲ್ಲ,
ಫೋಟೋದಾಗ ಅಂವನ ಮಾರಿ ಮ್ಯಾಲ ಫ್ಲ್ಯಾಶ್ ಬಿದ್ದೈತಿ.
ಉಳಿದಾಂವ ಯೇಸುರತ್ನಂ, ಡ್ರಮ್ಮಿನಾಂವ,
ಗದಗ ರಸ್ತೇದಾಗ ಮಗಳ ಮನಿ.
ವರ್ಕ್‌ಶಾಪಿನ ಬಾಯ್ಲರು ಬಡದು ಬಡದು
ಎರಡೂ ಕಿವಿ ಹೋಗ್ಯಾವ.

ಸ್ಪೀಕರ್ ಅಂವನ ತೊಡಿ ಮ್ಯಾಲ ಇಟ್ಟೆ.
ಅಂಗೈ ಊರಿದ. ಜ್ವರ ನೋಡಿದಂಗ ನೋಡಿದ.
ಒಂದು ಗಳಿಗಿ ಏನಿಲ್ಲ.
ಆಮ್ಯಾಲ ಎಡಗಾಲಿನ ಹೆಬ್ಬೆರಳು,
ಆಮ್ಯಾಲ ಮೊಣಕಾಲು, ಆಮ್ಯಾಲ ಚಾದ ಬಸಿ.
‘ಇಲ್ಲಿ ನಾ ತಪ್ಪೀನಿ’ ಅಂದ, ಜೋರಾಗಿ,
ಕಿವುಡರು ಅಂತಾರಲ್ಲ, ಹಂಗ.
ಖರೇನ ತಪ್ಪಿದ್ದ.

ವಹಿ ತೋರಿಸಿದೆ. ಚಷ್ಮಾ ಹಾಕ್ಕೊಂಡ, ಸಿಟ್ಟಾದ.
‘ಏಳಲ್ಲೋ, ಐದು! ಎರಡು ನಾನ ಕೊಟ್ಟೀನಿ ನಿಮ್ಮಪ್ಪಗ,
ಕುಣಿತದ ರಾತ್ರಿ, ಗೇಟಿನ ಬಲ್ಲ್ಯಾಕ,
ಗಂಟ್ಲಕ್ಕ ಮಫ್ಲರ್ ಸುತ್ತಿದ್ದ, ಜೇಬಿಗೆ ತುರುಕೀನಿ.’

ಮನಿಗೆ ಬಂದು ಎರಡು ರೂಪಾಯಿ ಜಮಾ ಬರದೆ,
ಇವತ್ತಿನ ತಾರೀಖು ಹಾಕಿದೆ.
ಐದು ಹಂಗ ಇರ್ಲಿ.